ನೆಂಟರ ಡಬ್ಬಿ

ನಮ್ಮ ಮನೆಯಲ್ಲಿ ಸೋಫಾ ಇರಲಿಲ್ಲ, ಜೀಪಿನ ಹಿಂದಿನ ಸೀಟು ಇತ್ತು. ಯಾವುದೋ ಎಸ್ಟೇಟಿನ ಜೀಪು ಚಾರ್ಮಾಡಿ ಘಾಟಿಯಲ್ಲಿ ಮಗುಚಿ ಗುಜರಿಗೆ ಹೋಗುವಾಗ ನನ್ನ ಬಾಪ ಅದರ ಸೀಟನ್ನು ಬಿಚ್ಚಿ ತಂದು, ಕೆಳಗೆ ಮರದ ತುಂಡು ಕೊಟ್ಟು, ಪಡಸಾಲೆಯ ಗೋಡೆಗೆ ಒತ್ತಿ ಇಟ್ಟಿದ್ದರು. ಇಬ್ಬರು ಆರಾಮಾಗಿ ಕೂರಬಹುದಿತ್ತು, ಮೂವರಾದರೆ ಜಗಳ. ಕೊಟ್ಟಿಗೆಹಾರದಲ್ಲಿ ರಸ್ತೆಗೆ ಮುಖಮಾಡಿ ಬಾಪನ ಗ್ಯಾರೇಜು, ಅದರ ಬೆನ್ನಿಗೆ ಅಂಟಿಕೊಂಡು ನಮ್ಮ ಮನೆ, ಎರಡರ ಮಧ್ಯೆ ಒಂದೇ ಬಾಗಿಲು. ಬಾಗಿಲಿನ ಆ ಕಡೆ ಗ್ರೀಸು ಮತ್ತು ಡೀಸೆಲ್ಲಿನ ವಾಸನೆ, ಈ ಕಡೆ ತೆಂಗಿನೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ. ಇವತ್ತಿಗೂ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಗ್ಯಾರೇಜಿನ ಮುಂದೆ ನಿಂತು ಹಸಿವು ಅನ್ನುವವಳು ನೀನೊಬ್ಬಳೇ ಎಂದು ನನ್ನ ಮಕ್ಕಳು ನಗುತ್ತಾರೆ. ನಗಲಿ, ನನಗೇನು.

ಮನೆಯೊಳಗೆ ನಮ್ಮದು ಬ್ಯಾರಿ ಮಾತು. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಆದರೆ ಉಮ್ಮನ ಬೈಗುಳದ ಅರ್ಧ ರುಚಿ ಅಲ್ಲೇ ಉಳಿದುಹೋಯಿತು, ಏನು ಮಾಡುವುದು. ಬಾಪನನ್ನು ಊರೆಲ್ಲ ಮೊಯ್ದು ಮೇಸ್ತ್ರಿ ಎಂದು ಕರೆಯುತ್ತಿತ್ತು. ಜೀಪು, ಪಂಪ್‌ಸೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷೀನು, ಯಾವುದು ಕೆಟ್ಟು ನಿಂತರೂ ಎಸ್ಟೇಟುಗಳಿಂದ ಅವರಿಗೆ ಕರೆ ಬರುತ್ತಿತ್ತು. ಹೋದ ಮನೆಯಲ್ಲಿ ಮೊದಲು ಏನಾದರೂ ತಿನ್ನದೆ ಬಾನೆಟ್ಟು ಎತ್ತಲು ಯಾರೂ ಬಿಡುತ್ತಿರಲಿಲ್ಲ. ಇದು ನಮ್ಮ ಕಡೆಯ ರಿವಾಜು. ತಿನ್ನದೆ ಕೆಲಸಕ್ಕೆ ಕೈಹಾಕಿದ ಮೇಸ್ತ್ರಿಗೆ ಆ ಮನೆಯವರ ಮೇಲೆ ಮುನಿಸಿದೆ ಎಂದೇ ಲೆಕ್ಕ. ಬಾಪನಿಗೋ, ಸಿಹಿ ಅಂದರೆ ಪ್ರಾಣ. ನೀರ್ದೋಸೆಗೆ ಪಲ್ಯ ಚಟ್ನಿ ಎಲ್ಲ ಬದಿಗಿಟ್ಟು ಕಾಯಿ ಬೆಲ್ಲ ಹಚ್ಚಿಕೊಂಡು ತಿನ್ನುವರು. ಚಹಾ ಲೋಟದ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಬೆರಳಿನಿಂದ ಬಾಚಿ ನನ್ನ ನಾಲಗೆಗೆ ಇಡುವರು. ಆ ಬೆರಳಿನಲ್ಲಿ ಸೋಪು ಎಷ್ಟು ಉಜ್ಜಿದರೂ ಹೋಗದ ಸೀಮೆಎಣ್ಣೆಯ ವಾಸನೆ. ಅದೂ ನನಗೆ ಸಿಹಿಯೇ.

ಒಂದು ದಿನ ಜಾಕಿ ಜಾರಿ ಬಾಪನ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಗ್ಯಾರೇಜಿನವರಿಗೆ ಇದೆಲ್ಲ ಮಾಮೂಲು, ಬಟ್ಟೆ ಸುತ್ತಿ ಕೆಲಸಕ್ಕೆ ಹೋದರು. ಆದರೆ ಗಾಯ ಒಣಗಲಿಲ್ಲ. ಮಳೆಗಾಲ ಮುಗಿದು ಕಾಫಿ ಹಣ್ಣಾಗುವ ಹೊತ್ತಿಗೂ ಹಸಿಯಾಗಿಯೇ ಇತ್ತು. ಮೂಡಿಗೆರೆಯ ಡಾಕ್ಟರು ರಕ್ತ ನೋಡಿ ಶುಗರ್ ಇದೆ ಎಂದರು. ಇನ್ನು ಮೇಲೆ ಸಿಹಿ ಮುಟ್ಟಬೇಡಿ, ಅನ್ನ ಕಡಿಮೆ ಮಾಡಿ, ಗಾಯ ಒಣಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದೂ ಹೇಳಿ ಕಳಿಸಿದರು. ಎಡಗಾಲು ಅಂದರೆ ಕ್ಲಚ್ಚು ತುಳಿಯುವ ಕಾಲು. ರಿಪೇರಿ ಮಾಡಿದ ಜೀಪನ್ನು ಘಾಟಿಯ ತಿರುವಿನಲ್ಲಿ ಓಡಿಸಿ ನೋಡದೆ ಬಾಪ ಯಾರಿಗೂ ಕೀ ಕೊಟ್ಟವರಲ್ಲ. ಆ ಕಾಲಿನ ಮೇಲೆಯೇ ನಮ್ಮ ನಾಲ್ವರ ಹೊಟ್ಟೆ ನಿಂತಿತ್ತು.

ಉಮ್ಮ ಮಾತಾಡುವ ಹೆಂಗಸಲ್ಲ, ಮಾಡುವ ಹೆಂಗಸು. ಮರುದಿನ ಬೆಳಿಗ್ಗೆ ಎದ್ದಾಗ ನಮ್ಮ ಅಡುಗೆಮನೆಯೇ ಬೇರೆಯಾಗಿತ್ತು. ರಾಗಿ ರೊಟ್ಟಿ, ಬಸಳೆ, ಹರಿವೆ, ಹಾಗಲಕಾಯಿ, ಬೆಳಿಗ್ಗೆ ಎದ್ದು ಮೆಂತೆ ನೆನೆಸಿದ ನೀರು. ಬಾಪನಿಗೆ ಮಾತ್ರ ಎಂದುಕೊಂಡರೆ, ಇಲ್ಲ, ಎಲ್ಲರಿಗೂ. ಚಹಾಕ್ಕೆ ಸಕ್ಕರೆ ಇಲ್ಲ. ನನ್ನ ತಮ್ಮ ಒಂದು ಗುಟುಕು ಕುಡಿದು ಅಳಲು ಶುರುಮಾಡಿದ. ನಾನು ಅಳುವವಳಲ್ಲ, ಲೋಟವನ್ನು ತಳ್ಳಿದೆ. ಚಹಾ ನೆಲದ ಮೇಲೆ ಹರಿಯಿತು.

"ಶುಗರ್ ಇರೋದು ಬಾಪನಿಗೆ. ನಾವು ಯಾಕೆ ಕಹಿ ಕುಡಿಯೋದು?"

"ಅವರ ಎದುರು ಕೂತು ನೀನು ಸಿಹಿ ಕುಡೀತೀಯಾ? ಯಾವ ಗಂಟಲಲ್ಲಿ ಇಳಿತದೆ ನಿನಗೆ? ಹೇಳು, ಬಾಪನ ಕಾಲು ಬೇಕಾ, ಸಕ್ಕರೆ ಬೇಕಾ?"

"ಎರಡೂ ಬೇಕು."

ಕೆನ್ನೆಗೆ ಬಿತ್ತು. ಆದರೂ ನಾನು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ ನನಗೆ, ಈಗಲೂ.

ಆದರೆ ಉಮ್ಮನ ಕಟ್ಟುನಿಟ್ಟಿನಲ್ಲೂ ಒಂದು ಕಿಂಡಿ ಇತ್ತು. ಅಡುಗೆಮನೆಯ ಅಟ್ಟದಲ್ಲಿ, ನಮಗೆ ಯಾರಿಗೂ ಎಟುಕದಷ್ಟು ಮೇಲೆ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಬೆಲ್ಲದ ಅಚ್ಚು, ಒಂದು ಪೊಟ್ಟಣ ಸಕ್ಕರೆ ಇಟ್ಟಿದ್ದರು. ಅದರ ಹೆಸರು ನೆಂಟರ ಡಬ್ಬಿ. ಮನೆಯವರ ಬಾಯಿ ಕಟ್ಟಬಹುದು, ಬಂದವರಿಗೆ ಸಪ್ಪೆ ಚಹಾ ಕೊಡುವುದು ಹೇಗೆ? ಮನೆಯಲ್ಲಿ ರೋಗ ಉಂಟು ಅಂತ ನೆಂಟರನ್ನು ಉಪವಾಸ ಕೂರಿಸುವುದಾ ಎಂದು ಉಮ್ಮ ಕೇಳುತ್ತಿದ್ದರು. ನೆಂಟರು ಬಂದರೆ ಡಬ್ಬಿ ಕೆಳಗಿಳಿಯುತ್ತಿತ್ತು. ಡಬ್ಬಿ ಇಳಿದರೆ ನಮಗೂ ಒಂದು ಚೂರು. ಹೀಗಾಗಿ ನಾನೂ ತಮ್ಮನೂ ಗ್ಯಾರೇಜಿನ ಮುಂದೆ ಕೂತು, ಯಾರಾದರೂ ಬರಲಿ ಎಂದು ರಸ್ತೆ ಕಾಯುತ್ತಿದ್ದೆವು. ಮಂಜು ಮುಸುಕಿದ ದಿನಗಳಲ್ಲಿ ಜೀಪು ಕಾಣುವ ಮೊದಲೇ ಅದರ ಶಬ್ದದಿಂದ ಯಾರದೆಂದು ಹೇಳುವಷ್ಟು ಪಳಗಿದ್ದೆವು.

ಬರುವವರಲ್ಲಿ ಮುಖ್ಯರು ಸಣ್ಣಪ್ಪಗೌಡ್ರು. ಗೋಣಿಬೀಡಿನ ಕಡೆ ಅವರದ್ದು ಸಣ್ಣ ಕಾಫಿ ತೋಟ, ಹಳೆಯ ಜೀಪು. ಬಾಪನ ಓರಗೆಯವರು. ಮಾತಾಡಿದರೆ ಗ್ಯಾರೇಜಿನ ತಗಡು ನಡುಗಬೇಕು, ಅಂಥ ಗಂಟಲು. ಬರುವ ಹಿಂದಿನ ದಿನ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸುವರು. ಬಸ್ಸು ನಮ್ಮ ಮುಂದೆ ನಿಧಾನ ಮಾಡಿದಾಗ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ, "ಮೇಸ್ತ್ರೀ, ನಾಳೆ ಗೌಡ್ರ ಜೀಪು!" ಎಂದು ಕೂಗುವನು. ಉಮ್ಮ ಆಗಲೇ ಅಕ್ಕಿ ನೆನೆಹಾಕುವರು. ಗೌಡ್ರು ಬಂದರೆ ಕಲ್ತಪ್ಪ ಆಗಲೇಬೇಕು. ಅಕ್ಕಿ ರುಬ್ಬಿ, ಬೆಲ್ಲದ ಪಾಕ ಬೆರೆಸಿ, ಹುರಿದ ಈರುಳ್ಳಿ ಮತ್ತು ಕಾಯಿಚೂರು ಹಾಕಿ, ದಪ್ಪ ತಳದ ಪಾತ್ರೆಗೆ ಹೊಯ್ದು, ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುವ ತಿಂಡಿ ಅದು. ಗುಂಡಗೆ, ಕಂದು ಬಣ್ಣಕ್ಕೆ, ಒಳಗೆಲ್ಲ ತೂತುತೂತಾಗಿ ಬರಬೇಕು. ಗೌಡ್ರು ಜೀಪಿನ ಸೀಟಿನ ಬಲಕ್ಕೆ ಕೂತು, "ನಫೀಸಮ್ಮ, ನಿಮ್ಮ ಈ ಕಲ್ತಪ್ಪಕ್ಕೆ ನನ್ನ ತೋಟ ಬರ್ಕೊಡ್ತೀನಿ ಬಿಡಿ" ಎನ್ನುವರು. ಬಾಪ ಎಡಕ್ಕೆ ಕೂತು ಸಪ್ಪೆ ಚಹಾ ಕುಡಿಯುತ್ತ ಅವರು ತಿನ್ನುವುದನ್ನೇ ನೋಡುವರು. ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ. ಎಂಥ ಸಹನೆ ಎಂದು ಉಮ್ಮನಿಗೆ ಹೆಮ್ಮೆ.

ಜೀಪಿಗೆ ಏನಾಗಿದೆ ಎಂದು ಕೇಳಿದರೆ ಯಾವಾಗಲೂ ಒಂದೇ, "ಎಂಥದೋ ಶಬ್ದ ಬರ್ತದೆ ಮಾರಾಯ." ಬಾಪ ಬಾನೆಟ್ಟು ಎತ್ತಿ, ಕಿವಿಗೊಟ್ಟು, ಮುಚ್ಚುವರು. ಅಷ್ಟೇ ರಿಪೇರಿ.

ಅದಕ್ಕೆ ಬದಲಾಗಿ ಭಾನುವಾರಗಳಲ್ಲಿ ಬಾಪ ಗೌಡ್ರ ತೋಟಕ್ಕೆ ಹೋಗುವರು. ಪಂಪು ನೋಡಬೇಕು, ಪಲ್ಪರ್ ನೋಡಬೇಕು ಎಂದು ಏನೋ ಒಂದು ನೆವ. ಓಡಿಸಿ ನೋಡಬೇಕಾದ ಯಾವುದಾದರೂ ಜೀಪಿನಲ್ಲಿ ಹೊರಟರೆ ಹಟ ಹಿಡಿದು ನಾನೂ ಹತ್ತಿಕೊಳ್ಳುತ್ತಿದ್ದೆ. ಅಲ್ಲಿ ಗೌಡ್ರ ಹೆಂಡತಿ ಲಲಿತಮ್ಮ ಒತ್ತು ಶಾವಿಗೆ ಮಾಡಿರುತ್ತಿದ್ದರು. ಬಿಸಿ ಅಕ್ಕಿ ಮುದ್ದೆಯನ್ನು ಒರಳಿನಲ್ಲಿ ಒತ್ತಿ ಇಳಿಸಿದ ಎಳೆಎಳೆ ಶಾವಿಗೆ, ಮೇಲೆ ಬೆಲ್ಲ ಏಲಕ್ಕಿ ಹಾಕಿದ ಗಟ್ಟಿ ಕಾಯಿಹಾಲು. ಬಾಪ ಎರಡು ಸಲ ಹಾಕಿಸಿಕೊಳ್ಳುವರು. ಪಕ್ಕದಲ್ಲೇ ಕೂತ ಗೌಡ್ರ ತಟ್ಟೆಯಲ್ಲಿ ಮಾತ್ರ ರಾಗಿ ಮುದ್ದೆ, ಸೊಪ್ಪಿನ ಸಾರು. ಗೌಡ್ರಿಗೆ ಶಾವಿಗೆ ಸೇರುವುದಿಲ್ಲವೇನೋ ಎಂದುಕೊಂಡಿದ್ದೆ. ಲಲಿತಮ್ಮ ಒಂದು ದಿನ ಬಡಿಸುತ್ತ ಕೇಳಿದರು:

"ಅಲ್ಲ ಮೇಸ್ತ್ರಿ, ಮೂಡಿಗೆರೇಲಿ ಅಷ್ಟು ಗ್ಯಾರೇಜ್ ಇದಾವೆ. ಅದೆಲ್ಲ ದಾಟ್ಕೊಂಡು ಇವ್ರು ಕೊಟ್ಟಿಗೆಹಾರಕ್ಕೇ ಬರೋದು ಯಾಕೆ ಅಂತೀನಿ."

ಗೌಡ್ರು ಕೆಮ್ಮಿದರು. ಬಾಪ ಕಾಯಿಹಾಲಿನ ಕಡೆ ಬಗ್ಗಿದರು.

ಹಿಂದಿರುಗುವ ದಾರಿಯಲ್ಲಿ ನಾನು ಬಾಪನನ್ನು ಕೇಳಿದೆ, ನಿಮಗೆ ಸಿಹಿ ಆಗುವುದಿಲ್ಲ ಅಲ್ವಾ ಎಂದು. ಬಾಪ ಗೇರು ಬದಲಿಸುತ್ತ ಬಹಳ ಗಂಭೀರವಾಗಿ ಉತ್ತರಿಸಿದರು.

"ನೋಡು ಐಸು, ಮನೇಲಿ ತಿಂದ್ರೆ ಅದು ಆಸೆ. ಬೇರೆಯವರ ಮನೇಲಿ ತಿಂದ್ರೆ ಅದು ಮರ್ಯಾದೆ. ಮರ್ಯಾದೆಗೆ ತಿಂದದ್ದು ಮೈಗೆ ಹತ್ತೋದಿಲ್ಲ."

ಅವರು ಅದನ್ನು ನಂಬಿದ್ದರು ಎಂದೇ ನನಗೆ ಅನ್ನಿಸುತ್ತದೆ. ನಾನೂ ನಂಬಿದೆ. ಮನೆಗೆ ಬಂದು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ಶಾವಿಗೆಯೂ ಹೋಗುತ್ತಿತ್ತು, ಅಷ್ಟು ಬುದ್ಧಿ ಇತ್ತು ನನಗೆ. ಇತ್ತ ಉಮ್ಮ ಪ್ರತಿ ದಿನ ಬಾಪನ ಬೆರಳಿನ ಬಟ್ಟೆ ಬಿಚ್ಚಿ ನೋಡಿ, ಇಷ್ಟು ಪಥ್ಯ ಮಾಡಿದರೂ ಯಾಕೆ ಒಣಗುವುದಿಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ತನ್ನ ಅಡುಗೆಯಲ್ಲೇ ಏನೋ ತಪ್ಪಿದೆ ಎಂದುಕೊಂಡು ತನ್ನ ಪಾಲಿನ ಅನ್ನವನ್ನೂ ಕಡಿಮೆ ಮಾಡಿದ್ದರು, ಪಾಪ.

ಮತ್ತೆ ರಕ್ತ ನೋಡಿಸಲು ಹೋದಾಗ ಎಲ್ಲ ಬಯಲಾಯಿತು. ಮೂಡಿಗೆರೆಯ ಆ ಡಾಕ್ಟರ ಶಾಪಿನಲ್ಲಿ ಗೋಡೆಗೆ ಒಂದು ಉದ್ದ ಬೆಂಚು. ನಾವು ಮೂವರು ಹೋಗಿ ನೋಡಿದರೆ ಬೆಂಚಿನ ತುದಿಯಲ್ಲಿ ಗೌಡ್ರು, ಲಲಿತಮ್ಮ. ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಕಡಿಮೆ, ಆದರೂ ಪ್ರೀತಿಯಿಂದ ಪಕ್ಕಪಕ್ಕ ಕೂತರು. ಗೌಡ್ರು ಕೇಳದೆಯೇ "ನಂಗೆ ಕೆಮ್ಮು" ಎಂದರು. ಬಾಪ "ನನಗೆ ಕಾಲು" ಎಂದರು. ಅಷ್ಟರಲ್ಲಿ ಕಾಂಪೌಂಡರ್ ಬಾಗಿಲಿನಿಂದ ಕೂಗಿದ.

"ಶುಗರ್ ನೋಡಿಸೋರು ಬನ್ನಿ."

ಯಾರೂ ಏಳಲಿಲ್ಲ. ಬಾಪನೂ ಗೌಡ್ರೂ ಎದುರು ಗೋಡೆಯ ಕ್ಯಾಲೆಂಡರನ್ನು ಓದುತ್ತ ಕೂತರು. ಉಮ್ಮ ಬಾಪನನ್ನು ಮೊಣಕೈಯಿಂದ ತಿವಿದರು. ಅದೇ ಹೊತ್ತಿಗೆ ಲಲಿತಮ್ಮ ಗೌಡ್ರನ್ನು ತಿವಿದರು.

"ಏಳ್ರೀ, ಕರೀತಿದಾರೆ."

ತಿವಿದ ಕೈಗಳು ಹಾಗೇ ನಿಂತವು.

"ಮೇಸ್ತ್ರಿಗೂ ಶುಗರ್ರಾ?" ಲಲಿತಮ್ಮ ಕೇಳಿದರು.

"ಹೂಂ ಲಲಿತಕ್ಕ. ಅದಕ್ಕೇ ಗಾಯ ಒಣಗೋದಿಲ್ಲ. ಗೌಡ್ರಿಗೂವಾ?"

"ಎರಡು ಹೊತ್ತು ಮುದ್ದೆ ಸೊಪ್ಪು ಹಾಕಿ ಸಾಕ್ತಿದೀನಿ. ಆದ್ರೂ ಇಳಿಯಲ್ಲ ಅಂತದೆ."

ನನಗೆ ಹಸಿವಾಗಿತ್ತು. ಹಸಿವಾದಾಗ ನನ್ನ ನಾಲಗೆ ಯಾರ ಮಾತೂ ಕೇಳುವುದಿಲ್ಲ.

"ಮತ್ತೆ ಗೌಡ್ರು ನಮ್ಮನೇಲಿ ಕಲ್ತಪ್ಪ ತಿಂತಾರಲ್ಲ? ಬಾಪ ಇವರ ಮನೇಲಿ ಕಾಯಿಹಾಲು ಎರಡು ಸಲ ಹಾಕಿಸ್ಕೊಳ್ತಾರಲ್ಲ?"

ಬೆಂಚಿನ ಮೇಲೆ ಕೂತ ಬೇರೆ ರೋಗಿಗಳೂ ನಮ್ಮ ಕಡೆ ತಿರುಗಿದರು. ಒಬ್ಬರಿಗೊಬ್ಬರು ಕಾಯಿಲೆ ಹೇಳಿಕೊಂಡು, ಹೆಂಡಿರಿಗೆ ಮಾತ್ರ ಇನ್ನೊಬ್ಬನ ಕಾಯಿಲೆ ಹೇಳದೆ, ತನ್ನ ಮನೆಯಲ್ಲಿ ರೋಗಿ, ಇನ್ನೊಬ್ಬನ ಮನೆಯಲ್ಲಿ ನೆಂಟ ಎಂದು ಇಬ್ಬರೂ ವ್ಯವಸ್ಥೆ ಮಾಡಿಕೊಂಡಿದ್ದರು. ಜೀಪಿನ ಶಬ್ದವೂ ಸುಳ್ಳು, ಪಂಪಿನ ರಿಪೇರಿಯೂ ಸುಳ್ಳು. ಲಲಿತಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಉಮ್ಮನ ಎರಡೂ ಕೈ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟರು.

"ನನ್ನ ಕೈಯಾರೆ ನಿಮ್ಮ ಯಜಮಾನ್ರ ಕಾಲಿಗೆ ಕುತ್ತು ತಂದ್ನಲ್ಲ ನಫೀಸ. ಬಲವಂತ ಮಾಡಿ ಮಾಡಿ ಬಡಿಸ್ದೆ."

ಡಾಕ್ಟರು ಬಾಪನ ಬೆರಳನ್ನು ನೋಡಿ, ಇದೇ ಕೊನೆಯ ಅವಕಾಶ ಎಂದರು. ಕಪ್ಪಾಗಲು ಶುರುವಾಗಿದೆ, ಇನ್ನು ಹಬ್ಬಿದರೆ ಬೆರಳಷ್ಟೇ ಅಲ್ಲ, ಪಾದವೂ ಹೋಗುತ್ತದೆ ಎಂದರು. ಬಾಪನ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗೌಡ್ರು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಹೋದರು. ಮನೆಗೆ ಬಂದ ಉಮ್ಮ ಸ್ಟೂಲು ಹತ್ತಿ ನೆಂಟರ ಡಬ್ಬಿಯನ್ನು ಇಳಿಸಿ, ಇದ್ದದ್ದನ್ನೆಲ್ಲ ಪಕ್ಕದ ಹೋಟೆಲಿನವರಿಗೆ ಕೊಟ್ಟು, ಖಾಲಿ ಡಬ್ಬಿಯನ್ನು ತೊಳೆದು ಕವುಚಿ ಹಾಕಿದರು. ನನ್ನ ಎದೆಯೇ ಒಡೆಯಿತು. ನಿಜ ಹೇಳುತ್ತೇನೆ, ಆಗ ನಾನು ಅತ್ತದ್ದು ಬಾಪನ ಕಾಲಿಗೋ ಡಬ್ಬಿಗೋ ನನಗೇ ತಿಳಿಯದು.

ಬೆರಳು ಒಣಗತೊಡಗಿತು. ನಿಧಾನವಾಗಿ, ಅಂಚಿನಿಂದ ಒಳಕ್ಕೆ ಚರ್ಮ ಕೂಡಿಕೊಂಡಿತು. ಉಮ್ಮ ಗೆದ್ದರು. ಆದರೆ ಮನೆಯಲ್ಲಿ ಇನ್ನೇನೋ ಕೆಟ್ಟಿತು. ಕಂಡಕ್ಟರ್ ಕೂಗುವುದು ನಿಂತಿತು. ಗೌಡ್ರ ಜೀಪು ಮೂಡಿಗೆರೆಯ ಗ್ಯಾರೇಜೊಂದರ ಮುಂದೆ ನಿಂತಿತ್ತು ಎಂದು ಯಾರೋ ಬಂದು ಹೇಳಿದಾಗ ಬಾಪ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಒಳಗೆ ಬಂದು, ಜೀಪಿನ ಸೀಟಿನ ಎಡಕ್ಕೆ, ಒಬ್ಬರೇ ಕೂತರು. ಆಮೇಲೆ ಅವರು ಯಾರ ಮನೆಗೂ ಹೋಗಲೊಲ್ಲರು. ಎಸ್ಟೇಟಿನವರು ಬೇಕಾದರೆ ಗಾಡಿಯನ್ನು ಇಲ್ಲಿಗೇ ಎಳೆದು ತರಲಿ ಎನ್ನುವರು. ನೆಂಟರ ಮದುವೆಗೆ ಉಮ್ಮನನ್ನೂ ನಮ್ಮನ್ನೂ ಬಸ್ಸು ಹತ್ತಿಸಿ ತಾವು ಉಳಿದುಕೊಳ್ಳುವರು.

"ಎಲ್ಲರೂ ತಿನ್ನುವಾಗ ನಾನು ಬೇಡ ಬೇಡ ಅಂತ ಕೈ ಅಡ್ಡ ಹಿಡೀತಾ ಕೂರಬೇಕಾ? ಅದಕ್ಕಿಂತ ಹೋಗದೇ ಇರೋದು ವಾಸಿ."

ನಮ್ಮನ್ನು ನಗಿಸುವುದನ್ನು ಬಿಟ್ಟರು. ರಾಗಿ ರೊಟ್ಟಿಯನ್ನು ಸುಮ್ಮನೆ ತಿಂದು, ಸುಮ್ಮನೆ ಕೈ ತೊಳೆಯುವರು. ಒಳ್ಳೆಯ ಊಟ ಉಂಡು ಇಷ್ಟು ಸೊರಗಿದ ಮನುಷ್ಯನನ್ನು ನಾನು ಆಮೇಲೆಯೂ ನೋಡಿಲ್ಲ. ಕಾಲು ಉಳಿಯಿತು ಅಂತ ನಾನು ಖುಷಿಪಡಬೇಕಿತ್ತು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು.

ಉಮ್ಮನಿಗೂ ಕಣ್ಣಿತ್ತಲ್ಲ. ಮುಂದಿನ ಸಲ ಡಾಕ್ಟರು ಬೆರಳು ನೋಡಿ ಶಾಭಾಸ್ ಎಂದಾಗ, ಎಂದೂ ಅವರ ಎದುರು ಬಾಯಿ ತೆರೆಯದ ಉಮ್ಮ ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟರು.

"ಡಾಕ್ಟ್ರೆ, ಇವರು ಸಾಯೋವರೆಗೆ ಯಾರ ಮನೇಲೂ ಏನೂ ತಿನ್ನಬಾರದಾ?"

ಡಾಕ್ಟರು ನಕ್ಕರು. "ಹಾಗಂತ ಯಾರು ಹೇಳಿದ್ದು? ದಿನಾ ನೀವು ಹಾಕೋ ಊಟ ಸರಿಯಾಗಿ ಮಾಡ್ಲಿ, ನಡೀಲಿ. ಹಬ್ಬಕ್ಕೋ ಮದುವೆಗೋ ಹೋದಾಗ ಎಲ್ಲರೂ ತಿನ್ನೋದ್ರಲ್ಲಿ ಅರ್ಧ ತಿನ್ಲಿ. ಪೂರ್ತಿ ಬೇಡ, ಅರ್ಧ."

ಈ ಅರ್ಧ ಎಂಬುದು ಉಮ್ಮನ ತಲೆಗೆ ಹೊಕ್ಕಿತು. ಬಸ್ಸಿನಲ್ಲಿ ಅದೇ, ಮನೆಯಲ್ಲಿ ಅದೇ. ಅರ್ಧ ತಿನ್ನಿ ಎಂದು ಡಾಕ್ಟರು ಸುಲಭವಾಗಿ ಹೇಳಿದರು. ಬಡಿಸುವವರು ಯಾರು? ನಮ್ಮ ಕಡೆ ಅರ್ಧ ಬಡಿಸಿದರೆ ಎದ್ದು ಹೋಗು ಎಂದ ಹಾಗೆ. ಪೂರ್ತಿ ಬಡಿಸಿಕೊಂಡು ಅರ್ಧ ಬಿಟ್ಟರೆ ಅಡುಗೆ ಚೆನ್ನಾಗಿಲ್ಲ ಎಂದ ಹಾಗೆ. ಎರಡರಲ್ಲೂ ಮರ್ಯಾದೆ ಹೋಯಿತು. ಉಮ್ಮ ಅಕ್ಕಿ ಆರಿಸುತ್ತ, ಬಟ್ಟೆ ಒಗೆಯುತ್ತ ಇದನ್ನೇ ಗೊಣಗುತ್ತಿದ್ದರು. ಹೀಗೆ ರಂಜಾನ್ ತಿಂಗಳು ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಉಮ್ಮ ಬಾಪನಿಗೆ ಏನೂ ಹೇಳದೆ ನನ್ನ ಕೈ ಹಿಡಿದುಕೊಂಡು ಗೋಣಿಬೀಡಿನ ಬಸ್ಸು ಹತ್ತಿದರು.

ನಾವು ಗೌಡ್ರ ಮನೆಯ ಅಂಗಳಕ್ಕೆ ಬರುವಾಗ ಅವರು ಕಣದಲ್ಲಿ ನಿಂತಿದ್ದರು. ನಮ್ಮನ್ನು ಕಂಡದ್ದೇ, ಕಾಣದವರ ಹಾಗೆ ತೋಟಕ್ಕೆ ಇಳಿದು ಹೋದರು. ನನಗೆ ಮೈ ಉರಿದುಹೋಯಿತು. ನಮ್ಮ ಬಾಪ ಅವರಿಗೆ ಏನು ಮಾಡಿದ್ದರು? ಲಲಿತಮ್ಮ ಓಡಿ ಬಂದು ಉಮ್ಮನನ್ನು ಒಳಗೆ ಕೂರಿಸಿ, ಉಮ್ಮ ಉಪವಾಸ ಎಂದು ತಿಳಿದು, ನನಗೊಬ್ಬಳಿಗೇ ಕಾಫಿ ಕೊಟ್ಟರು. ಅವರ ಮನೆಯಲ್ಲೂ ಒಂದು ನೆಂಟರ ಡಬ್ಬಿ ಇತ್ತೆಂದು ಆ ಕಾಫಿಯಿಂದ ತಿಳಿಯಿತು. ಅಷ್ಟು ಕಾಲದ ಮೇಲೆ ಕುಡಿದ ಸಿಹಿ ಗಂಟಲಿಗೆ ಒತ್ತಿಕೊಂಡು ಅರ್ಧ ಲೋಟಕ್ಕೇ ಸಾಕಾಯಿತು. ನನಗೇ ಆಶ್ಚರ್ಯ.

"ಗೌಡ್ರಿಗೆ ನಮ್ಮ ಮೇಲೆ ಕೋಪವಾ?" ಉಮ್ಮ ಕೇಳಿದರು.

"ಕೋಪ ಎಲ್ಲಿ ಬಂತು? ನಾಚ್ಕೆ ಕಣೇ. 'ನಾನೇ ಈ ಆಟ ಶುರುಮಾಡಿದ್ದು, ಮೇಸ್ತ್ರಿ ಕಾಲು ಹೋಗಿದ್ರೆ ಆ ಮಕ್ಕಳ ಮುಖ ಹೆಂಗ್ ನೋಡ್ಲಿ' ಅಂತಾರೆ. ಜೀಪನ್ನ ಬೇರೆ ಕಡೆ ಬಿಟ್ಟು ಬಂದ ದಿನ ಊಟ ಮಾಡ್ಲಿಲ್ಲ."

ಉಮ್ಮ ಎದ್ದು ನಿಂತು, ತೋಟದ ಕಡೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಹಬ್ಬಕ್ಕೆ ಇಬ್ಬರೂ ಬರಬೇಕು. ಬರದಿದ್ರೆ ನಾನು ಇನ್ನು ಈ ಮೆಟ್ಟಿಲು ಹತ್ತೋದಿಲ್ಲ."

ಬಂದರು. ಹಬ್ಬದ ದಿನ ಮಧ್ಯಾಹ್ನ ಮಂಜಿನೊಳಗಿಂದ ಆ ಹಳೆಯ ಶಬ್ದ ಕೇಳಿದಾಗ ಬಾಪ ಹೊಸ ಅಂಗಿಯಲ್ಲಿ ಬಾಗಿಲವರೆಗೆ ಹೋಗಿ, ಏನು ಮಾಡುವುದೆಂದು ತಿಳಿಯದೆ ಹಿಂದೆ ಬಂದು ಕೂತರು. ಗೌಡ್ರು ಬಂದು ಪಕ್ಕದಲ್ಲಿ ಕೂತರು. ಆ ಗಂಟಲಿನಲ್ಲಿ ಶಬ್ದವೇ ಇಲ್ಲ. ಕೋಳಿ ಸಾರು, ಅಕ್ಕಿ ರೊಟ್ಟಿ ಎಲ್ಲ ಬೇರೆ ಬೇರೆ ತಟ್ಟೆಯಲ್ಲಿ ಆಯಿತು. ಮಾತು ಮಳೆಯ ಬಗ್ಗೆ, ಕಾಫಿ ಹೂವಿನ ಬಗ್ಗೆ. ಆಮೇಲೆ ಉಮ್ಮ ಒಳಗಿನಿಂದ ದೊಡ್ಡ ತಳಿಗೆಯನ್ನು ತಂದು ಇಬ್ಬರ ನಡುವೆ ಸ್ಟೂಲಿನ ಮೇಲೆ ಇಟ್ಟರು. ಅದರಲ್ಲಿ ಒಬ್ಬರಿಗೆ ಆಗುವಷ್ಟು ಅಳತೆಯ ಒಂದೇ ಒಂದು ಗುಂಡನೆಯ ಕಲ್ತಪ್ಪ.

"ಅರ್ಧ ಬಡಿಸೋದು ನನಗೆ ಗೊತ್ತಿಲ್ಲ ಗೌಡ್ರೆ. ಪೂರ್ತಿ ಬಡಿಸಿದ್ದೇನೆ. ನೆಂಟರು ಇಬ್ಬರು, ತಟ್ಟೆ ಒಂದು. ಒಟ್ಟಿಗೆ ತಿನ್ನಿ."

ಮದುವೆಯಲ್ಲಿ, ಹಬ್ಬದಲ್ಲಿ ಒಂದೇ ತಳಿಗೆಯ ಸುತ್ತ ನಾಲ್ಕಾರು ಜನ ಕೂತು ಉಣ್ಣುವುದು ನಮ್ಮವರಲ್ಲಿ ರೂಢಿ. ಗೌಡ್ರ ಮನೆಯಲ್ಲಿ ಹಾಗಲ್ಲ. ಇನ್ನೊಬ್ಬರ ಕೈ ತಾಗಿದ ತಟ್ಟೆ ಎಂದರೆ ಎಂಜಲು, ಗಂಡನ ತಟ್ಟೆಗೂ ಹೆಂಡತಿ ಕೈಹಾಕುವುದಿಲ್ಲ. ಉಮ್ಮನಿಗೆ ಅದು ಹೊಳೆದಿರಲಿಲ್ಲ. ಇಟ್ಟ ಮೇಲೆ ಹೊಳೆಯಿತು, ಮುಖ ಬಿಳಿಚಿಕೊಂಡಿತು. ಲಲಿತಮ್ಮ ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು. ಗೌಡ್ರು ತಳಿಗೆಯನ್ನೇ ನೋಡುತ್ತ ಕೂತರು. ಬಾಪ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ಮೊಣಕಾಲ ಮೇಲೆ ಇಟ್ಟುಕೊಂಡರು.

"ಬೇರೆ ತಟ್ಟೆ ತಾ ನಫೀಸ," ಬಾಪ ಹೇಳಿದರು.

ಅವತ್ತು ಗೌಡ್ರು ಬೇರೆ ತಟ್ಟೆ ತೆಗೆದುಕೊಂಡಿದ್ದರೆ ಬಾಪ ಮತ್ತೆ ಯಾರ ಮನೆಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ, ಇದು ಖಂಡಿತ.

ಗೌಡ್ರು ತಲೆ ಎತ್ತಿದರು. "ಮೇಸ್ತ್ರಿ, ಜೀಪಿನ ಟ್ಯಾಂಕಿಂದ ಡೀಸೆಲ್ ತೆಗೆಯೋ ಆ ರಬ್ಬರ್ ಪೈಪು ಇನ್ನೂ ಇದೆಯಾ?"

"ಉಂಟು. ಯಾಕೆ?"

"ಎಷ್ಟ್ ಸಲ ನೀವು ಬಾಯಿಟ್ಟು ಎಳೆದು, ನಿಮಗೆ ಕೆಮ್ಮು ಬಂತು ಅಂತ ಅದೇ ಪೈಪಿ‍ಗೆ ನಾನು ಬಾಯಿಟ್ಟು ಎಳೆದಿಲ್ಲ? ಡೀಸೆಲ್ಲಿಗೆ ಇಲ್ಲದ ಎಂಜಲು ಕಲ್ತಪ್ಪಕ್ಕೆ ಎಲ್ಲಿಂದ ಬಂತು ಮಾರಾಯ?"

ಹೇಳಿದವರೇ ಕಲ್ತಪ್ಪವನ್ನು ಎರಡು ಕೈಯಲ್ಲಿ ಹಿಡಿದು ಮುರಿದರು. ಸರಿಯಾಗಿ ಮುರಿಯಲಿಲ್ಲ, ಒಂದು ಚೂರು ದೊಡ್ಡದಾಯಿತು. ಅದನ್ನು ಬಾಪನ ಕಡೆ ತಳ್ಳಿದರು. ಬಾಪ ಗೌಡ್ರ ಕಡೆ ತಳ್ಳಿದರು. "ನೀವು ತಗೊಳ್ಳಿ ಗೌಡ್ರೆ." "ಏ, ನಿಮ್ಮ ಮನೆ ಹಬ್ಬ, ನೀವು ತಗೊಳ್ಳಿ." ಹೀಗೇ ತಳ್ಳಿ ತಳ್ಳಿ, ಕೊನೆಗೆ ಆ ಹೆಚ್ಚಿನ ತುಂಡನ್ನು ಕಿತ್ತು ನನಗೂ ತಮ್ಮನಿಗೂ ಕೊಟ್ಟರು. ಅಷ್ಟು ಸಣ್ಣ ಚೂರನ್ನು ಅಷ್ಟು ಹೊತ್ತು ಅಗಿದು ತಿಂದ ಗಂಡಸರನ್ನು ನಾನು ಕಂಡಿಲ್ಲ. ಗೌಡ್ರ ಗಂಟಲು ವಾಪಸು ಬಂದು ತಗಡು ನಡುಗಿತು. ಬಾಪ ನಕ್ಕರು. ಉಮ್ಮ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತರು, ಹೊಗೆ ಎಂದು ನನಗೆ ಹೇಳಿದರು.

ಮುಂದೆ ಎರಡೂ ಮನೆಗಳಲ್ಲಿ ಅದೇ ಪದ್ಧತಿ ನಿಂತಿತು. ಲಲಿತಮ್ಮ ಮೊದಮೊದಲು ಒಂದೇ ಬಾಳೆಲೆಯ ಎರಡು ಕಡೆ ಎರಡು ಸಣ್ಣ ಗುಡ್ಡೆ ಶಾವಿಗೆ ಇಟ್ಟು ನಡುವೆ ದಾರಿ ಬಿಡುತ್ತಿದ್ದರು. ಕಾಯಿಹಾಲು ಹೊಯ್ದ ಕೂಡಲೇ ಹರಿದು ಎರಡೂ ಒಂದಾಗುತ್ತಿತ್ತು. ಆಮೇಲೆ ದಾರಿ ಬಿಡುವುದನ್ನೇ ಬಿಟ್ಟರು. ಉಳಿದ ದಿನಗಳಲ್ಲಿ ಇಲ್ಲಿ ರಾಗಿ ರೊಟ್ಟಿ, ಅಲ್ಲಿ ಮುದ್ದೆ ಸೊಪ್ಪು, ಅದರಲ್ಲಿ ರಿಯಾಯಿತಿ ಇಲ್ಲ. ಬಾಪ ಮದುವೆಗಳಿಗೂ ಹೊರಟರು. ಹೋದಲ್ಲಿ ಕೂರುವ ಮುಂಚೆ ಸುತ್ತ ನೋಡಿ, ತನ್ನಂಥವನೊಬ್ಬನನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಳ್ಳುವರು. ನೆಂಟರ ಡಬ್ಬಿ ಮತ್ತೆ ಅಟ್ಟಕ್ಕೆ ಏರಿತು. ನನಗೂ ಅಭ್ಯಾಸ ಹಾಗೇ ಆಯಿತು. ಇವತ್ತಿಗೂ ಒಂದು ಸಿಹಿಯನ್ನು ಒಬ್ಬಳೇ ಪೂರ್ತಿ ತಿನ್ನಲು ನನ್ನಿಂದ ಆಗುವುದಿಲ್ಲ, ಯಾರಾದರೂ ಎದುರಿಗೆ ಬೇಕು.

ಬಾಪ ತುಂಬಾ ವರ್ಷ ಬಾಳಿದರು. ಕಾಲಿನ ಹತ್ತು ಬೆರಳೂ ಇಟ್ಟುಕೊಂಡೇ ಹೋದರು ಎಂದು ಉಮ್ಮ ಬಂದವರಿಗೆಲ್ಲ ಹೇಳಿದರು, ಅಳುತ್ತಲೇ, ಒಂದು ಹೆಮ್ಮೆಯಲ್ಲಿ. ಅವರು ಹೋದ ಮೇಲಿನ ಮೊದಲ ಹಬ್ಬಕ್ಕೆ ನಾನು ಮನೆಗೆ ಬಂದಿದ್ದೆ. ಅದೇ ತಿಂಗಳು ನನಗೂ ಶುಗರ್ ಎಂದು ಗೊತ್ತಾಗಿತ್ತು, ಉಮ್ಮನಿಗೆ ಇನ್ನೂ ಹೇಳಿರಲಿಲ್ಲ. ಗೌಡ್ರು ಬರುತ್ತಾರೆಂದು ಯಾರೂ ನೆನೆಸಿರಲಿಲ್ಲ. ಲಲಿತಮ್ಮ ಮೊದಲೇ ತೀರಿಕೊಂಡಿದ್ದರು. ಕಣ್ಣೂ ಮಂದವಾಗಿತ್ತು ಗೌಡ್ರಿಗೆ. ಮಗಳು ಕಾರಿನಲ್ಲಿ ಕರೆತಂದು ಕೈಹಿಡಿದು ಒಳಗೆ ಬಿಟ್ಟಳು. ಅವರು ಜೀಪಿನ ಸೀಟನ್ನು ಕೈಯಿಂದ ಸವರಿ ನೋಡಿ ಬಲಕ್ಕೆ ಕೂತರು. ಎಡಕ್ಕೆ ಬಾಪ ಕೂತು ಕೂತು ತಗ್ಗಾದ ಜಾಗ ಖಾಲಿಯಾಗಿತ್ತು.

ಉಮ್ಮ ಅಭ್ಯಾಸದಂತೆ ತಳಿಗೆ ತಂದು ನಡುವೆ ಇಟ್ಟರು. ಒಂದೇ ಕಲ್ತಪ್ಪ. ಗೌಡ್ರು ಅದನ್ನು ಮುಟ್ಟಲಿಲ್ಲ.

"ತಿನ್ನಿ ಗೌಡ್ರೆ."

"ಒಬ್ನೇ ತಿನ್ನಕ್ಕೆ ಡಾಕ್ಟ್ರು ಬಿಟ್ಟಿಲ್ಲಮ್ಮ ನಂಗೆ."

ನಾನು ಹೋಗಿ ಬಾಪನ ಜಾಗದಲ್ಲಿ ಕೂತೆ. ಸೀಟಿನ ಸ್ಪ್ರಿಂಗು ಕಿರುಗುಟ್ಟಿತು. ಗೌಡ್ರು ಆ ಮಂದ ಕಣ್ಣಲ್ಲಿ ನನ್ನ ಕಡೆ ತಿರುಗಿದರು.

"ಐಸುನಾ? ನಿಂಗೂ ಬಂತಾ?"

"ಹೂಂ."

ಉಮ್ಮ ಬಾಗಿಲಲ್ಲಿ ಹಾಗೇ ನಿಂತರು. ಗೌಡ್ರು ತಡಕಾಡಿ ಕಲ್ತಪ್ಪವನ್ನು ಎರಡು ಕೈಯಲ್ಲಿ ಹಿಡಿದು ಮುರಿದರು. ಒಂದು ಚೂರು ದೊಡ್ಡದಾಯಿತು. ಅದನ್ನು ನನ್ನ ಕಡೆ ತಳ್ಳಿದರು. ನಾನು ಅವರ ಕಡೆ ತಳ್ಳಿದೆ.